ಷೇರುಪೇಟೆಯಿಂದ ಸಮುದ್ರದಾಳಕ್ಕೆ

ಓದೋದು ಬಿಟ್ಟು ಕಥೆ ಪುಸ್ತಕ ಯಾಕೆ, ಅದರಿಂದ ಕೆಲಸ ಸಿಗುತ್ತಾ ಎಂಬ ಪ್ರಶ್ನೆ ನಮ್ಮ ಮನೆಗಳಿಗೆ ಹೊಸದಲ್ಲ. 1850ರ ಸುಮಾರಿಗೆ ಫ್ರಾನ್ಸಿನ ನಾಂತ್ ಪಟ್ಟಣದ ವಕೀಲರೊಬ್ಬರು ಪ್ಯಾರಿಸ್ಸಿನಲ್ಲಿದ್ದ ಹಿರಿಯ ಮಗನಿಗೆ ಬರೆಯುತ್ತಿದ್ದ ಪತ್ರಗಳಲ್ಲೂ ಇದೇ ಚಿಂತೆ. ಮಗ ಲಾ ಓದಿ ಬಂದು ತಮ್ಮ ಆಫೀಸು ವಹಿಸಿಕೊಳ್ಳಬೇಕು ಎಂದು ಅವರ ಆಸೆ. ಮಗನಿಗೆ ನಾಟಕ ಬರೆಯುವ ಹುಚ್ಚು. ಅಪ್ಪನ ಹೆಸರು ಪಿಯರ್ ವರ್ನ್, ಮಗನ ಹೆಸರು ಜೂಲ್ಸ್ ವರ್ನ್.

ಹದಿಮೂರು ಹದಿನಾಲ್ಕು ವರ್ಷದ ಮಕ್ಕಳಿಗೆ ಯಾವ ವಿಜ್ಞಾನ ಕಥೆ ಕೊಡಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಹೇಳುವ ಹೆಸರು ಇದೇ. ನನ್ನ ಚಿಕ್ಕಮ್ಮನ ಮಗ ಒಂಬತ್ತನೇ ಕ್ಲಾಸು. ಹ್ಯಾರಿ ಪಾಟರ್ ಏಳೂ ಪುಸ್ತಕ ಮುಗಿಸಿ ಕೂತಿದ್ದಾನೆ, ಮುಂದೇನು ಎಂದು ಕೇಳುತ್ತಿದ್ದಾನೆ. ಅವನಿಗೆ ಪುಸ್ತಕಗಳ ಜೊತೆಗೆ ಅವನ್ನು ಬರೆದವನ ಕಥೆಯನ್ನೂ ಹೇಳಬೇಕು ಅನ್ನಿಸಿತು. ಯಾಕೆಂದರೆ ಈ ಮನುಷ್ಯನ ಬದುಕು ಅವನ ಕಾದಂಬರಿಗಳಷ್ಟು ಸಲೀಸಲ್ಲ.

ವರ್ನ್ ಹುಟ್ಟಿದ್ದು 1828ರ ಫೆಬ್ರುವರಿ 8ರಂದು. ನಾಂತ್ ಎಂದರೆ ಲ್ವಾರ್ ನದಿಯ ದಡದ ಬಂದರು ಪಟ್ಟಣ. ಹಡಗುಗಳನ್ನು ನೋಡುತ್ತ ಬೆಳೆದ ಹುಡುಗ. ಹನ್ನೊಂದನೇ ವಯಸ್ಸಿನಲ್ಲಿ ಮನೆಯವರಿಗೆ ಹೇಳದೆ ಹಡಗು ಹತ್ತಿದ್ದ, ಅಪ್ಪ ಹೋಗಿ ಹಿಡಿದು ತಂದರು ಎಂಬ ಕಥೆ ಬಹಳ ಪುಸ್ತಕಗಳಲ್ಲಿದೆ. ಅದು ಮನೆತನದವರು ಕಟ್ಟಿದ ಕಥೆ ಇರಬೇಕು ಎಂದು ಈಚಿನ ಜೀವನಚರಿತ್ರೆಕಾರರು ಅನುಮಾನಿಸುತ್ತಾರೆ. ತಮ್ಮ ಪಾಲ್ ಮಾತ್ರ ನಿಜವಾಗಿಯೂ ನೌಕಾಪಡೆ ಸೇರಿದ. ಅಣ್ಣನನ್ನು ಪ್ಯಾರಿಸ್ಸಿಗೆ ಲಾ ಓದಲು ಕಳಿಸಿದರು.

1851ರಲ್ಲಿ ಪದವಿ ಬಂತು. ಮರುವರ್ಷ ಅಪ್ಪ ಆಫೀಸನ್ನು ಒಪ್ಪಿಸಲು ಕರೆದಾಗ ಮಗ ಬೇಡ ಎಂದ. ಅಲೆಕ್ಸಾಂಡರ್ ಡ್ಯೂಮಾನ ಪರಿಚಯವಾಗಿ, ಅವನ ರಂಗಮಂದಿರದಲ್ಲಿ 1850ರಲ್ಲೇ ಒಂದು ಪುಟ್ಟ ನಾಟಕ ಆಡಿಸಿಯಾಗಿತ್ತು. ಆಮೇಲೆ ಇನ್ನೊಂದು ರಂಗಮಂದಿರದಲ್ಲಿ ಕಾರ್ಯದರ್ಶಿಯ ಕೆಲಸ, ಪತ್ರಿಕೆಗಳಿಗೆ ಸಣ್ಣ ಕಥೆ, ಹೊಟ್ಟೆನೋವು, ಗ್ರಂಥಾಲಯ. ಆ ವರ್ಷಗಳಲ್ಲಿ ಹೆಸರು ಬರುವಂಥದ್ದು ಏನೂ ಆಗಲಿಲ್ಲ. ಆದರೆ ಗ್ರಂಥಾಲಯದಲ್ಲಿ ಕೂತು ಭೂಗೋಳ, ಎಂಜಿನ್, ವಿದ್ಯುತ್ತು, ಪ್ರವಾಸಗಳ ಬಗ್ಗೆ ಟಿಪ್ಪಣಿ ಮಾಡಿಕೊಳ್ಳುವ ಅಭ್ಯಾಸ ಅಂಟಿಕೊಂಡಿತು. ಎಂಜಿನಿಯರಿಂಗ್ ಓದದ ಈ ಮನುಷ್ಯನ ಪುಸ್ತಕಗಳಲ್ಲಿ ಎಂಜಿನಿಯರಿಂಗ್ ಬಂದದ್ದು ಅಲ್ಲಿಂದ.

1856ರಲ್ಲಿ ಗೆಳೆಯನ ಮದುವೆಗೆ ಅಮಿಯಾಂ ಎಂಬ ಊರಿಗೆ ಹೋದವನು ಮದುಮಗಳ ಅಕ್ಕ ಒನೊರೀನಳನ್ನು ಮೆಚ್ಚಿದ. ಆಕೆ ವಿಧವೆ, ಇಬ್ಬರು ಹೆಣ್ಣುಮಕ್ಕಳಿದ್ದರು. ನಾಟಕದ ಸಂಪಾದನೆಯಲ್ಲಿ ಸಂಸಾರ ಹೇಗೆ ನಡೆದೀತು? ಅಪ್ಪನ ಹಣದ ನೆರವು ಪಡೆದು ಪ್ಯಾರಿಸ್ಸಿನ ಷೇರುಪೇಟೆಯ ದಲ್ಲಾಳಿಯೊಬ್ಬರ ಕಚೇರಿಯಲ್ಲಿ ಪಾಲು ಪಡೆದ. 1857ರಲ್ಲಿ ಮದುವೆಯಾಯಿತು. ಬೆಳಗಿನ ಜಾವ ಎದ್ದು ಬರೆಯುವುದು, ಹೊತ್ತೇರಿದ ಮೇಲೆ ಷೇರುಪೇಟೆಗೆ ಹೋಗುವುದು. ಹೀಗೇ ಐದಾರು ವರ್ಷ. ನಮ್ಮ ಸೀನಿಯರ್‌ಗಳಲ್ಲಿ ಕೆಲವರು ಹಗಲು ಕಂಪನಿಗೆ ಹೋಗಿ, ಬೆಳಗ್ಗೆ ನಾಲ್ಕಕ್ಕೆ ಎದ್ದು ಕೆಎಎಸ್‌ಗೆ ಓದುವುದನ್ನು ನೋಡಿದ್ದೇನೆ. ಅದೇ ದಿನಚರಿ.

1862ರಲ್ಲಿ ಅವನು ಹಸ್ತಪ್ರತಿ ಹಿಡಿದು ಹೋದದ್ದು ಪಿಯರ್ ಜೂಲ್ಸ್ ಹೆಟ್ಸೆಲ್ ಎಂಬ ಪ್ರಕಾಶಕರ ಹತ್ತಿರ. ಬಾಲ್ಜಾಕ್, ವಿಕ್ಟರ್ ಹ್ಯೂಗೊರಂಥವರನ್ನು ಪ್ರಕಟಿಸಿದ್ದವರು. 1863ರ ಜನವರಿ 31ರಂದು 'ಫೈವ್ ವೀಕ್ಸ್ ಇನ್ ಎ ಬಲೂನ್' ಹೊರಬಂತು. ವರ್ನ್‌ಗೆ 35 ತುಂಬಲು ಇನ್ನೊಂದು ವಾರವಿತ್ತು. ಬಲೂನಿನಲ್ಲಿ ಆಫ್ರಿಕಾ ದಾಟುವ ಕಥೆ. ಬಲೂನಿನೊಳಗಿನ ಹೈಡ್ರೋಜನ್ನನ್ನು ಉರಿಯಿಂದ ಕಾಯಿಸಿ ಮೇಲೇರುವ, ತಣಿಸಿ ಕೆಳಗಿಳಿಯುವ ಉಪಾಯ ಅದರಲ್ಲಿದೆ. ಹೈಡ್ರೋಜನ್ ಪಕ್ಕದಲ್ಲಿ ಬೆಂಕಿ! ನಮ್ಮ ಕೆಮಿಸ್ಟ್ರಿ ಲ್ಯಾಬಿನಲ್ಲಿ ಬಾಯಿ ಬಿಟ್ಟು ಹೇಳಿದರೂ ಹೊರಗೆ ಕಳಿಸುತ್ತಾರೆ. ಪುಸ್ತಕ ಮಾತ್ರ ಚೆನ್ನಾಗಿ ಓಡಿತು. ಆದರೂ ಚಿಕ್ಕವರಿಗೆ ಇದನ್ನು ಮೊದಲ ಪುಸ್ತಕವಾಗಿ ನಾನು ಕೊಡುವುದಿಲ್ಲ. ಆಫ್ರಿಕಾದ ಜನರನ್ನು ಅದರಲ್ಲಿ ಬಣ್ಣಿಸಿದ ರೀತಿ ಇವತ್ತು ಓದಿದರೆ ಮುಜುಗರವಾಗುತ್ತದೆ.

ಇಲ್ಲಿಂದ ಮುಂದೆ ಎಲ್ಲವೂ ಸುಗಮ ಎಂದು ನಾವು ಅಂದುಕೊಳ್ಳಬಹುದು. ಆದರೆ ಅದೇ ಹೊತ್ತಿಗೆ ವರ್ನ್ ಇನ್ನೊಂದು ಕಾದಂಬರಿ ತಂದುಕೊಟ್ಟ. ಅದರ ಕಾಲ 1960, ಎಂದರೆ ಅವನಿಗೆ ನೂರು ವರ್ಷ ಮುಂದಿನದು. ಗ್ಯಾಸಿನಿಂದ ಓಡುವ ಗಾಡಿಗಳು, ವಿದ್ಯುತ್ ದೀಪದ ಬೀದಿಗಳು, ಬರೆದದ್ದರ ಚಿತ್ರವನ್ನು ತಂತಿಯಲ್ಲಿ ದೂರಕ್ಕೆ ಕಳಿಸುವ ಯಂತ್ರ ಎಲ್ಲ ಇರುವ ಪ್ಯಾರಿಸ್. ಅಲ್ಲಿ ಮಿಶೆಲ್ ಎಂಬ 16 ವರ್ಷದ ಹುಡುಗ. ಲ್ಯಾಟಿನ್ ಪದ್ಯ ರಚನೆಯಲ್ಲಿ ಬಹುಮಾನ ಪಡೆಯುತ್ತಾನೆ, ನೆರೆದ ಜನ ನಗುತ್ತಾರೆ. ಯಂತ್ರ ಮತ್ತು ಬ್ಯಾಂಕು ಬಿಟ್ಟರೆ ಬೇರೆಯದಕ್ಕೆ ಬೆಲೆಯಿಲ್ಲದ ಕಾಲ ಅದು. ಚಿಕ್ಕಪ್ಪ ಅವನನ್ನು ಬ್ಯಾಂಕಿನ ಕೆಲಸಕ್ಕೆ ಹಚ್ಚುತ್ತಾನೆ, ಅದು ಅವನಿಗೆ ಒಗ್ಗುವುದಿಲ್ಲ. ಕೆಲಸವಿಲ್ಲ, ಕಾಸಿಲ್ಲ, ಭಯಂಕರ ಚಳಿಗಾಲ. ಕಥೆ ಸ್ಮಶಾನದಲ್ಲಿ ಮುಗಿಯುತ್ತದೆ.

ಹೆಟ್ಸೆಲ್ ಇದನ್ನು ಖಡಾಖಂಡಿತವಾಗಿ ತಿರಸ್ಕರಿಸಿದರು. ಇಂಥ ಭವಿಷ್ಯವನ್ನು ಯಾರೂ ನಂಬುವುದಿಲ್ಲ, ಇದು ಬಂದರೆ ಈಗಷ್ಟೇ ಬಂದ ಹೆಸರು ಕೆಡುತ್ತದೆ ಎಂಬುದು ಅವರ ಪತ್ರದ ತಾತ್ಪರ್ಯ. ವರ್ನ್ ಜಗಳವಾಡಲಿಲ್ಲ. ಹಸ್ತಪ್ರತಿ ಒಳಗೆ ಹೋಯಿತು. ಅದರ ಮಾತು ಆಮೇಲೆ.

ಆ ನಂತರ ಬಂದವು ನಾವೆಲ್ಲ ಕೇಳಿರುವ ಪುಸ್ತಕಗಳು. ವರ್ಷಕ್ಕೆ ಮೂರು ಸಂಪುಟ, ಮುಂದೆ ಎರಡು, ಹೀಗೆ ಕರಾರು. ಹುಡುಗರಿಗಾಗಿ ಹೆಟ್ಸೆಲ್ ನಡೆಸುತ್ತಿದ್ದ ಪತ್ರಿಕೆಯಲ್ಲಿ ಎಷ್ಟೋ ಕಾದಂಬರಿಗಳು ಧಾರಾವಾಹಿಯಾದವು. ಷೇರುಪೇಟೆಯ ಕೆಲಸ ಬಿಟ್ಟದ್ದೂ ಈ ಹೊತ್ತಿಗೇ.

ಹ್ಯಾರಿ ಪಾಟರ್ ಓದಿ ಬಂದವರಿಗೆ ಮೊದಲು ಕೊಡಬೇಕಾದದ್ದು 1864ರ 'ಜರ್ನಿ ಟು ದ ಸೆಂಟರ್ ಆಫ್ ದಿ ಅರ್ತ್'. ಕಥೆ ಹೇಳುವವನು ಆಕ್ಸೆಲ್ ಎಂಬ ಹುಡುಗ, ಅಂಜುಬುರುಕ. ಅವನ ಚಿಕ್ಕಪ್ಪ ಮುಂಗೋಪಿ ಪ್ರೊಫೆಸರ್. ಹಳೇ ಪುಸ್ತಕದೊಳಗಿಂದ ರಹಸ್ಯ ಲಿಪಿಯ ಚೀಟಿ ಬೀಳುತ್ತದೆ, ಅದನ್ನು ಬಿಡಿಸಿದರೆ ಐಸ್‌ಲ್ಯಾಂಡಿನ ಜ್ವಾಲಾಮುಖಿಯ ಬಾಯಿಂದ ಭೂಮಿಯೊಳಗೆ ದಾರಿ. ಭೂಗರ್ಭ ಅಷ್ಟು ತಣ್ಣಗಿರುವುದಿಲ್ಲ ಎಂದು ಎಂಟನೇ ಕ್ಲಾಸಿನವರಿಗೂ ಗೊತ್ತು. ಆಕ್ಸೆಲ್‌ಗೂ ಗೊತ್ತು, ಚಿಕ್ಕಪ್ಪನ ಜೊತೆ ಅದೇ ವಿಷಯಕ್ಕೆ ವಾದ ಮಾಡುತ್ತಾನೆ. ಮಾಂತ್ರಿಕ ಕಥೆಯ ರುಚಿ ಇದರಲ್ಲಿದೆ, ದಂಡ ಮಾತ್ರ ಇಲ್ಲ.

ಚಂದ್ರನ ಪುಸ್ತಕ, 1865ರ 'ಫ್ರಮ್ ದಿ ಅರ್ತ್ ಟು ದ ಮೂನ್', ಎಂಜಿನಿಯರಿಂಗ್ ಹುಡುಗರಿಗೆ ಹಬ್ಬ. 900 ಅಡಿ ಉದ್ದದ ಫಿರಂಗಿಯಲ್ಲಿ ಮೂವರನ್ನು ಕೂರಿಸಿ ಚಂದ್ರನತ್ತ ಹಾರಿಸುತ್ತಾರೆ. ಜಾಗ ಫ್ಲಾರಿಡಾ. ಸಮಭಾಜಕಕ್ಕೆ ಹತ್ತಿರವಿರಬೇಕು ಎಂಬ ಲೆಕ್ಕ ಹಾಕಿ ವರ್ನ್ ಆ ಜಾಗ ಆರಿಸಿದ. ನೂರು ವರ್ಷದ ನಂತರ ಅಪೊಲೊ ನೌಕೆಗಳು ಮೂವರನ್ನು ಹೊತ್ತು ಹಾರಿದ್ದೂ ಅದೇ ರಾಜ್ಯದಿಂದ. ತಪ್ಪೂ ಇದೆ. ಸೆಕೆಂಡಿಗೆ ಸುಮಾರು 11 ಕಿಲೋಮೀಟರ್ ವೇಗವನ್ನು 900 ಅಡಿಯೊಳಗೆ ಪಡೆಯಬೇಕಾದರೆ ವೇಗೋತ್ಕರ್ಷ ಎಷ್ಟು? ಪಿಯುಸಿಯ ಸೂತ್ರ ಹಾಕಿ ನೋಡಿ, ಗುರುತ್ವದ 22 ಸಾವಿರ ಪಟ್ಟಿಗಿಂತ ಹೆಚ್ಚು ಬರುತ್ತದೆ. ಒಳಗಿದ್ದವರು ಚಂದ್ರನನ್ನಲ್ಲ, ಫಿರಂಗಿಯ ಬಾಯನ್ನೂ ನೋಡುವುದಿಲ್ಲ. ರಷ್ಯಾದ ತ್ಸಿಯೊಲ್ಕೊವ್‌ಸ್ಕಿ, ಜರ್ಮನಿಯ ಓಬರ್ತ್ ಇಬ್ಬರೂ ಹುಡುಗರಾಗಿದ್ದಾಗ ವರ್ನ್ ಓದಿದವರು. ಫಿರಂಗಿ ಆಗದು, ರಾಕೆಟ್ಟೇ ಆಗಬೇಕು ಎಂದು ಲೆಕ್ಕ ಮಾಡಿ ತೋರಿಸಿದವರೂ ಅವರೇ. ತಪ್ಪಿರುವ ಪುಸ್ತಕವೂ ಓದುಗನ ಕೈಗೆ ಪೆನ್ಸಿಲ್ ಕೊಡುತ್ತದೆ.

'ಟ್ವೆಂಟಿ ಥೌಸಂಡ್ ಲೀಗ್ಸ್ ಅಂಡರ್ ದ ಸೀ' 1869-70ರದ್ದು. ಅಷ್ಟು ಆಳಕ್ಕೆ ಹೋಗುವ ಕಥೆ ಎಂದು ತಿಳಿಯುವವರು ಬಹಳ. ಅದು ಆಳವಲ್ಲ, ನೀರಿನಡಿ ಕ್ರಮಿಸಿದ ದೂರ. ಒಂದು ಲೀಗ್ ಎಂದರೆ 4 ಕಿಲೋಮೀಟರ್, ಒಟ್ಟು 80 ಸಾವಿರ. ವಿದ್ಯುತ್ತಿನಿಂದ ನಡೆಯುವ 70 ಮೀಟರ್ ಉದ್ದದ ನಾಟಿಲಸ್ ಜಲಾಂತರ್ನೌಕೆ, ಅದರ ಒಡೆಯ ಕ್ಯಾಪ್ಟನ್ ನೆಮೊ. ಲೋಕದ ಮೇಲೆ ಸಿಟ್ಟಾಗಿ ಸಮುದ್ರಕ್ಕಿಳಿದ ಮನುಷ್ಯ. ನಡುನಡುವೆ ಮೀನುಗಳ ಹೆಸರು ಪುಟಗಟ್ಟಲೆ ಬರುತ್ತವೆ, ಹಾರಿಸಿ ಓದಿದರೆ ಪಾಪವೇನಿಲ್ಲ.

ನೆಮೊಗೆ ಆ ಸಿಟ್ಟು ಯಾಕೆ? ವರ್ನ್ ಮೊದಲು ಯೋಚಿಸಿದ್ದು ಅವನೊಬ್ಬ ಪೋಲೆಂಡಿನವನು, 1863ರ ದಂಗೆಯನ್ನು ರಷ್ಯಾ ತುಳಿದಾಗ ಮನೆಮಂದಿಯನ್ನು ಕಳೆದುಕೊಂಡವನು ಎಂದು. ಹೆಟ್ಸೆಲ್ ಒಪ್ಪಲಿಲ್ಲ. ರಷ್ಯಾದಲ್ಲಿ ಪುಸ್ತಕ ಮಾರಬೇಕಿತ್ತು, ರಾಜಕೀಯವೂ ಇತ್ತು. ವರ್ನ್ ಬಹಳ ಪತ್ರ ಬರೆದು ವಾದಿಸಿ, ಕೊನೆಗೆ ನೆಮೊನ ದೇಶವನ್ನೇ ಹೇಳದೆ ಬಿಟ್ಟ. ಐದು ವರ್ಷದ ನಂತರ 'ದಿ ಮಿಸ್ಟೀರಿಯಸ್ ಐಲ್ಯಾಂಡ್'ನಲ್ಲಿ ಗುಟ್ಟು ಹೊರಬಿತ್ತು. ಇಲ್ಲಿ ಹೇಳಿಬಿಡುತ್ತೇನೆ, ನೂರೈವತ್ತು ವರ್ಷ ಹಳೆಯ ಗುಟ್ಟು. ನೆಮೊ ಭಾರತದವನು. ಬುಂದೇಲ್‌ಖಂಡದ ರಾಜಕುಮಾರ ಡಕ್ಕರ್, 1857ರಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿ ಹೆಂಡತಿ ಮಕ್ಕಳನ್ನು ಕಳೆದುಕೊಂಡವನು. ವರ್ನ್ ಅವನಿಗೆ ಕೊಟ್ಟ ಇನ್ನೊಂದು ನಂಟು ಟಿಪ್ಪು ಸುಲ್ತಾನನದು, ಅವನ ಸಂಬಂಧದಲ್ಲಿ ಮಗ ವರಸೆ. ಶ್ರೀರಂಗಪಟ್ಟಣ ಬಿದ್ದದ್ದು 1799ರಲ್ಲಿ, ಬುಂದೇಲ್‌ಖಂಡ ಎಲ್ಲಿ, ನಮ್ಮ ಮೈಸೂರು ಸೀಮೆ ಎಲ್ಲಿ! ವಂಶವೃಕ್ಷ ಬಿಡಿಸಲು ಹೋದರೆ ತಲೆ ಕೆಡುತ್ತದೆ. ಆದರೂ ಬ್ರಿಟಿಷರನ್ನು ಎದುರಿಸಿದವನು ಎಂದರೆ ಆ ಕಾಲದ ಫ್ರಾನ್ಸಿನ ಓದುಗನಿಗೆ ಥಟ್ಟನೆ ತಿಳಿಯುವ ಹೆಸರು ನಮ್ಮ ನೆಲದ್ದಾಗಿತ್ತು. ಎರಡು ಪುಸ್ತಕಗಳ ಇಸವಿಗಳೂ ಒಂದಕ್ಕೊಂದು ತಾಳೆಯಾಗುವುದಿಲ್ಲ, ಹುಡುಕಿ ನೋಡುವವರಿಗೆ ಅದೂ ಒಂದು ಆಟ.

ಇಲ್ಲಿ ಒಂದು ಎಚ್ಚರಿಕೆ. ಮೊಬೈಲಿನಲ್ಲಿ ಪುಕ್ಕಟೆ ಸಿಗುವ ವರ್ನ್ ಪುಸ್ತಕಗಳು ಹೆಚ್ಚಾಗಿ 1870ರ ದಶಕದ ಇಂಗ್ಲಿಷ್ ಅನುವಾದಗಳು. ನಾಟಿಲಸ್ ಕಥೆಯ ಆ ಕಾಲದ ಅನುವಾದದಲ್ಲಿ ಐದನೇ ಒಂದು ಭಾಗಕ್ಕೂ ಹೆಚ್ಚು ಕತ್ತರಿಸಿದ್ದಾರೆ, ಲೆಕ್ಕಗಳನ್ನೂ ಕೆಡಿಸಿದ್ದಾರೆ. ದ್ವೀಪದ ಕಥೆಯಲ್ಲಿ ಇನ್ನೂ ವಿಚಿತ್ರ. ಸಾಯುವ ಮುಂಚೆ ನೆಮೊ ಬ್ರಿಟಿಷ್ ಆಳ್ವಿಕೆಯ ಮೇಲೆ ಹೊರಿಸುವ ಆರೋಪಗಳನ್ನು ಲಂಡನ್ನಿನ ಅನುವಾದಕರು ತಿದ್ದಿ ಮೆತ್ತಗೆ ಮಾಡಿದರು. ನಾಯಕ ಸೈರಸ್ ಸ್ಮಿತ್‌ನ ಹೆಸರೂ ಸೈರಸ್ ಹಾರ್ಡಿಂಗ್ ಆಯಿತು. ಗುರುತು ಸುಲಭ. ತೆರೆದ ಪುಸ್ತಕದಲ್ಲಿ ಹಾರ್ಡಿಂಗ್ ಕಂಡರೆ ಮುಚ್ಚಿ, ಸ್ಮಿತ್ ಇರುವ ಹೊಸ ಅನುವಾದ ಹುಡುಕಿ. ಒಂದು ಪುಸ್ತಕವನ್ನು ರಷ್ಯಾಕ್ಕಾಗಿ ತಿದ್ದಿಸಿದರು, ಇನ್ನೊಂದನ್ನು ಇಂಗ್ಲೆಂಡಿಗಾಗಿ. ನಮ್ಮ ರಾಜಕುಮಾರನ ಮಾತನ್ನು ನಮಗೇ ಕೇಳಿಸದ ಹಾಗೆ ಮಾಡಿದ ಪ್ರತಿಯನ್ನು ಇವತ್ತೂ ನಮ್ಮ ಮಕ್ಕಳು ಓದುತ್ತಿರುವುದು ನನಗೆ ಸಹಿಸಲಾಗುವುದಿಲ್ಲ.

'ದಿ ಮಿಸ್ಟೀರಿಯಸ್ ಐಲ್ಯಾಂಡ್' ನನ್ನ ಲೆಕ್ಕದಲ್ಲಿ ವರ್ನ್‌ನ ಅತ್ಯುತ್ತಮ ಪುಸ್ತಕ. ಅಮೆರಿಕದ ಅಂತರ್ಯುದ್ಧದ ಸಮಯ, 1865. ಐದು ಜನ ಮತ್ತು ಒಂದು ನಾಯಿ ಬಲೂನಿನಲ್ಲಿ ತಪ್ಪಿಸಿಕೊಂಡು ಬರಿಗೈಯಲ್ಲಿ ದ್ವೀಪಕ್ಕೆ ಬೀಳುತ್ತಾರೆ. ಅವರಲ್ಲಿ ಒಬ್ಬ ಎಂಜಿನಿಯರ್. ಎರಡು ಗಡಿಯಾರದ ಗಾಜುಗಳ ನಡುವೆ ನೀರು ತುಂಬಿ, ಮಸೂರ ಮಾಡಿ ಬೆಂಕಿ ಹೊತ್ತಿಸುತ್ತಾನೆ. ಅಲ್ಲಿಂದ ಇಟ್ಟಿಗೆ, ಮಡಕೆ, ಕಬ್ಬಿಣ, ಆಮ್ಲ, ಸಿಡಿಮದ್ದು, ಕೊನೆಗೆ ಟೆಲಿಗ್ರಾಫ್. ಹರ್ಬರ್ಟ್ ಎಂಬ 15 ವರ್ಷದ ಹುಡುಗನ ಅಂಗಿಯ ಒಳಪದರದಲ್ಲಿ ಒಂದೇ ಒಂದು ಗೋಧಿ ಕಾಳು ಸಿಗುತ್ತದೆ. ಅದೊಂದರಿಂದ ಎಷ್ಟು ಬೆಳೆಗೆ ಎಷ್ಟು ಕಾಳು ಎಂದು ಎಂಜಿನಿಯರ್ ಲೆಕ್ಕ ಹೇಳುವ ಪುಟ ಓದಿದ ಮೇಲೆ ಘಾತಾಂಕದ ಪಾಠವನ್ನು ಬೇರೆ ಮಾಡಬೇಕಿಲ್ಲ. ನಾವು ನಾಲ್ಕು ವರ್ಷ ಸೆಮಿಸ್ಟರ್ ಮೇಲೆ ಸೆಮಿಸ್ಟರ್ ಬರೆಯುತ್ತೇವೆ. ದ್ವೀಪದಲ್ಲಿ ಬಿಟ್ಟರೆ ಒಂದು ಮೊಳೆ ಮಾಡಲು ಎಷ್ಟು ಜನಕ್ಕೆ ಬಂದೀತು ಎಂದು ಹಾಸ್ಟೆಲಿನಲ್ಲಿ ಕೇಳಿ ನೋಡಿದೆ. ಮೆಕ್ಯಾನಿಕಲ್‌ನವರೂ ಸುಮ್ಮನಾದರು.

ದುಡ್ಡು ತಂದದ್ದು 'ಅರೌಂಡ್ ದ ವರ್ಲ್ಡ್ ಇನ್ ಎಯ್ಟಿ ಡೇಸ್'. 1872ರಲ್ಲಿ ದಿನಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು, 1874ರಲ್ಲಿ ನಾಟಕವಾಗಿ ಇನ್ನೂ ಹೆಚ್ಚು ಗಳಿಸಿತು. ಎಳೆಯ ಹುಚ್ಚು ಕಡೆಗೂ ಫಲ ಕೊಟ್ಟಿತು ಎನ್ನಿ. ನಡುವೆ ಅಲಹಾಬಾದಿಗೆ ರೈಲು ಹಳಿ ಹಾಕಿಲ್ಲ ಎಂದು ಫಿಲಿಯಾಸ್ ಫಾಗ್ ಎರಡು ಸಾವಿರ ಪೌಂಡ್ ಕೊಟ್ಟು ಆನೆ ಕೊಳ್ಳುತ್ತಾನೆ. ವಾಸ್ತವದಲ್ಲಿ ಬೊಂಬಾಯಿ ಕಲ್ಕತ್ತಾ ಮಾರ್ಗ 1870ರಲ್ಲೇ ಪೂರ್ತಿಯಾಗಿತ್ತು. ಆದರೆ ಆನೆಯಿಲ್ಲದಿದ್ದರೆ ಕಥೆಯೆಲ್ಲಿ? ಸತಿ ಪದ್ಧತಿಯ ಪ್ರಸಂಗವನ್ನು ಓದಿಸುವಾಗ ಪಕ್ಕದಲ್ಲಿ ಕೂತು ಎರಡು ಮಾತು ಹೇಳುವುದು ಒಳ್ಳೆಯದು, ವರ್ನ್ ಭಾರತಕ್ಕೆ ಕಾಲಿಟ್ಟವನೇ ಅಲ್ಲ. ಕೊನೆಯ ತಿರುವು ನಿಂತಿರುವುದು ಶಾಲೆಯ ಭೂಗೋಳದ ಒಂದು ಪಾಠದ ಮೇಲೆ. ಅದನ್ನು ಮಾತ್ರ ಹೇಳಲಾರೆ.

ಈ ಹೊತ್ತಿಗೆ ವರ್ನ್ ಹೆಂಡತಿಯ ಊರು ಅಮಿಯಾಂನಲ್ಲಿ ನೆಲೆಸಿದ್ದ. ಸ್ವಂತ ವಿಹಾರ ದೋಣಿಗಳು, ಲೋಕವೆಲ್ಲ ಹೆಸರು. ಮನೆಯಲ್ಲಿ ಮಾತ್ರ ನೆಮ್ಮದಿಯಿರಲಿಲ್ಲ. 1861ರಲ್ಲಿ ಹುಟ್ಟಿದ ಒಬ್ಬನೇ ಮಗ, ಅವನ ಹೆಸರೂ ಮಿಶೆಲ್. ಹೇಳಿದ ಮಾತು ಕೇಳದ ಹುಡುಗ, ಸಾಲಗಾರ. ಅಪ್ಪನಾಗಿ ವರ್ನ್ ಮಾಡಿದ್ದೇನು? ಹುಡುಗರನ್ನು ತಿದ್ದುವ ಜೈಲಿನಂಥ ಸಂಸ್ಥೆಗೆ ಹಾಕಿಸಿದ. ಅದರಿಂದಲೂ ಆಗದಿದ್ದಾಗ 1878ರಲ್ಲಿ, 16 ವರ್ಷದವನನ್ನು, ಭಾರತಕ್ಕೆ ಹೊರಟ ಹಡಗಿಗೆ ಹತ್ತಿಸಿದ. ತನ್ನ ಅಪ್ಪನ ಆಫೀಸು ಬೇಡವೆಂದು ತನ್ನಿಷ್ಟದ ದಾರಿ ಹಿಡಿದವನು ಇದೇ ಮನುಷ್ಯ. ಅದೇ 1878ರಲ್ಲಿ ಅವನ ಇನ್ನೊಂದು ಕಾದಂಬರಿ ಬಂತು, 15 ವರ್ಷದ ಅನಾಥ ಹುಡುಗ ಡಿಕ್ ಸ್ಯಾಂಡ್ ಕ್ಯಾಪ್ಟನ್ ಮತ್ತು ನಾವಿಕರು ಸತ್ತ ಮೇಲೆ ಹಡಗಿನ ಕ್ಯಾಪ್ಟನ್ ಆಗುವ ಕಥೆ. ಗುಲಾಮರ ವ್ಯಾಪಾರದ ವಿರುದ್ಧ ಬರೆದದ್ದು, ಒಳ್ಳೆಯ ಪುಸ್ತಕ. ಆದರೆ ಓದುವಾಗ ನನಗೆ ಡಿಕ್ ಸ್ಯಾಂಡ್‌ಗಿಂತ ಬೇರೆ ಹಡಗಿನಲ್ಲಿದ್ದ ಆ ಇನ್ನೊಬ್ಬ ಹುಡುಗನೇ ಹೆಚ್ಚು ನೆನಪಾಗುತ್ತಿದ್ದ. ಲೋಕದ ಹುಡುಗರಿಗೆಲ್ಲ ಸಾಹಸ ಹೇಳಿಕೊಟ್ಟವನಿಗೆ ಮನೆಯ ಹುಡುಗನ ಜೊತೆ ಮಾತಾಡಲು ಬರಲಿಲ್ಲ. ಅಪ್ಪ ಮಗ ಹೊಂದಿಕೊಳ್ಳಲು ಎಷ್ಟೋ ವರ್ಷ ಬೇಕಾಯಿತು.

1886ರ ಮಾರ್ಚ್ 9ರ ಸಂಜೆ ಮನೆ ಬಾಗಿಲಲ್ಲಿ ಇನ್ನೊಂದು ಆಘಾತ. ತಮ್ಮ ಪಾಲ್‌ನ ಮಗ ಗ್ಯಾಸ್ಟನ್, ವರ್ನ್‌ಗೆ ಬಹಳ ಬೇಕಾದವನು, ಮಾನಸಿಕ ಅಸ್ವಸ್ಥತೆಯಲ್ಲಿ ಪಿಸ್ತೂಲಿನಿಂದ ಎರಡು ಗುಂಡು ಹಾರಿಸಿದ. ಒಂದು ಎಡಗಾಲಿಗೆ ಹೊಕ್ಕಿತು. ಆಮೇಲೆ ಬದುಕಿಡೀ ಕುಂಟು, ಸಮುದ್ರಯಾನ ಮುಗಿಯಿತು. ಎಂಟೇ ದಿನಕ್ಕೆ ಹೆಟ್ಸೆಲ್ ತೀರಿಕೊಂಡರು. ಮರುವರ್ಷ ತಾಯಿ.

1888ರಲ್ಲಿ ಅಮಿಯಾಂ ನಗರಸಭೆಗೆ ಆಯ್ಕೆಯಾಗಿ ಸುಮಾರು 15 ವರ್ಷ ಕೆಲಸ ಮಾಡಿದ. ರಂಗಮಂದಿರ, ಸರ್ಕಸ್ ಕಟ್ಟಡ, ಇಂಥವು ಅವನ ಆಸಕ್ತಿ. 1889ರಲ್ಲಿ ನೆಲ್ಲಿ ಬ್ಲೈ ಎಂಬ ಅಮೆರಿಕದ ಪತ್ರಕರ್ತೆ ಫಾಗ್‌ನ ದಾಖಲೆ ಮುರಿಯಲು ಹೊರಟವಳು ದಾರಿಯಲ್ಲಿ ಅಮಿಯಾಂಗೆ ಬಂದು ಮಾತಾಡಿಸಿ ಹೋದಳು. 72 ದಿನದಲ್ಲಿ ಲೋಕ ಸುತ್ತಿದಳು. ಮುದುಕನಿಗೆ ಸಕ್ಕರೆ ಕಾಯಿಲೆ, ಕಣ್ಣಿಗೆ ಪೊರೆ. ಆದರೂ ಬರೆಯುವುದು ನಿಲ್ಲಲಿಲ್ಲ. ಎಚ್. ಜಿ. ವೆಲ್ಸ್ ಎಂಬ ಇಂಗ್ಲಿಷ್ ಹುಡುಗ ಚಂದ್ರನಿಗೆ ಹೋಗಲು ಗುರುತ್ವವನ್ನೇ ತಡೆಯುವ ಲೋಹ ಕಲ್ಪಿಸಿದಾಗ, ತಾನು ಸಿಡಿಮದ್ದು ಬಳಸಿದೆ, ಆ ಲೋಹ ಎಲ್ಲಿದೆ ತೋರಿಸಲಿ ಎಂಬರ್ಥದಲ್ಲಿ ಗೊಣಗಿದ. ವರ್ನ್ ಮುಗಿಸಿದವರಿಗೆ ನಾನು ವೆಲ್ಸ್ ಕೊಡುತ್ತೇನೆ. ಆ ಜಗಳದಲ್ಲಿ ಯಾರ ಕಡೆ ಎಂದು ಓದಿದವರೇ ತೀರ್ಮಾನಿಸಲಿ.

1905ರ ಮಾರ್ಚ್ 24ರಂದು ವರ್ನ್ ತೀರಿಕೊಂಡ. ಬದುಕಿದ್ದಾಗ ಬಂದ ಕಾದಂಬರಿಗಳು ಐವತ್ತಕ್ಕೂ ಹೆಚ್ಚು. ಉಳಿದ ಹಸ್ತಪ್ರತಿಗಳು ಸಿಕ್ಕಿದ್ದು ಯಾರ ಕೈಗೆ? ಆ ಮಗ ಮಿಶೆಲ್ ಕೈಗೆ. ಒಂದೊಂದನ್ನೇ ಪ್ರಕಟಿಸುತ್ತ ಹೋದ, ಪಾತ್ರ ಸೇರಿಸಿ, ಅಧ್ಯಾಯ ಬದಲಿಸಿ, ಕೆಲವನ್ನು ತಾನೇ ಬರೆದು ಅಪ್ಪನ ಹೆಸರಿನಲ್ಲಿ. ಮೂಲ ಪ್ರತಿಗಳು ದಶಕಗಳ ನಂತರ ಸಿಕ್ಕಾಗ ಇದು ಪೂರ್ತಿ ಗೊತ್ತಾಯಿತು. ಮೋಸ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ, ಅಪ್ಪನ ಆಫೀಸನ್ನು ಈ ಮನೆಯಲ್ಲಿ ವಹಿಸಿಕೊಂಡವನು ಅವನೊಬ್ಬನೇ.

ತಿರಸ್ಕೃತವಾದ ಆ ಪ್ಯಾರಿಸ್ ಕಾದಂಬರಿ ಮಿಶೆಲ್ ಕೈಯಿಂದಲೂ ಅಚ್ಚಾಗಲಿಲ್ಲ. ಮನೆತನದ ಹಳೇ ತಿಜೋರಿಯೊಂದು ಬೀಗದ ಕೈ ಕಳೆದು, ಖಾಲಿ ಇರಬೇಕು ಎಂದು ಬಿದ್ದಿತ್ತು. 1989ರಲ್ಲಿ ಮರಿಮಗ ಅದನ್ನು ತೆರೆಸಿದಾಗ ಒಳಗೆ ಹಸ್ತಪ್ರತಿ ಇತ್ತು. 1994ರಲ್ಲಿ ಪ್ರಕಟವಾಯಿತು, ಎರಡು ವರ್ಷಕ್ಕೆ ಇಂಗ್ಲಿಷಿಗೂ ಬಂತು. ಕಥೆಯ 1960 ಆಗಲೇ ಕಳೆದುಹೋಗಿತ್ತು. ತೆಳ್ಳಗಿನ ಪುಸ್ತಕ, 'ಪ್ಯಾರಿಸ್ ಇನ್ ದ ಟ್ವೆಂಟಿಯತ್ ಸೆಂಚುರಿ' ಎಂದು ಹೆಸರು. ಕಥೆಯಾಗಿ ಸ್ವಲ್ಪ ಸಪ್ಪೆಯೇ. ಚಿಕ್ಕಮ್ಮನ ಮಗನಿಗೆ ಸದ್ಯಕ್ಕೆ ಆಕ್ಸೆಲ್‌ನ ಜ್ವಾಲಾಮುಖಿ ಸಾಕು, ಇದನ್ನು ಅವನ ಪಿಯುಸಿ ಮುಗಿದು ಸಿಇಟಿ ರ‍್ಯಾಂಕ್ ಬರುವ ಹೊತ್ತಿಗೆ ಕೊಡೋಣ ಎಂದು ಎತ್ತಿಟ್ಟಿದ್ದೇನೆ.